ಬುಧನ ಕಕ್ಷೆಯಲ್ಲಿ ಉಳಿದ 43 ಆರ್ಕ್‌ಸೆಕೆಂಡ್: ನ್ಯೂಟನ್ ಲೆಕ್ಕ ಎಲ್ಲಿಯವರೆಗೆ ಸರಿ?

ಕಾಪು_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಉಡುಪಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡ್ತೇನೆ. ಗುರುತ್ವದ ಅಧ್ಯಾಯ ನಡೀತಾ ಇದೆ. ಕೆಪ್ಲರ್ ನಿಯಮ ಮುಗಿದ ಮೇಲೆ ಒಬ್ಬಳು ವಿದ್ಯಾರ್ಥಿನಿ ಕೇಳಿದಳು: "ಸರ್, ಗ್ರಹ ದೀರ್ಘವೃತ್ತದಲ್ಲಿ ಸುತ್ತುತ್ತದೆ ಅಂತ ಪುಸ್ತಕದಲ್ಲಿ ಉಂಟು. ಆ ದೀರ್ಘವೃತ್ತವೇ ನಿಧಾನಕ್ಕೆ ತಿರುಗ್ತದೆ ಅಂತ ಇನ್ನೊಂದು ಕಡೆ ಓದಿದೆ. ಯಾವುದು ಸರಿ?"

ಬುಧಗ್ರಹದ ವಿಷಯ ಚುಟುಕಾಗಿ ಹೇಳಿದೆ, ಆದರೆ ಅಷ್ಟಕ್ಕೆ ಮುಗಿಸುವಂಥದ್ದಲ್ಲ ಇದು. "ಬುಧನ ಚಲನೆಯನ್ನು ನ್ಯೂಟನ್ ಸಿದ್ಧಾಂತ ವಿವರಿಸಲಿಲ್ಲ, ಐನ್‌ಸ್ಟೈನ್ ವಿವರಿಸಿದರು" ಎಂಬ ಎರಡು ವಾಕ್ಯ ಎಲ್ಲ ಕಡೆ ಸಿಗ್ತದೆ. ಅದನ್ನು ಓದಿದ ಮಕ್ಕಳಿಗೆ ನ್ಯೂಟನ್ ಸೋತರು ಅನ್ನುವುದಷ್ಟೇ ತಲೆಯಲ್ಲಿ ಉಳೀತದೆ. ನನಗೆ ಬೇಕಾದ್ದು ಬೇರೆ. ಲೆಕ್ಕ ಎಲ್ಲಿಯವರೆಗೆ ಸರಿ ಬಂತು, ಎಷ್ಟು ಕಡಿಮೆ ಬಿತ್ತು, ಕಡಿಮೆ ಬಿದ್ದದ್ದು ಹೇಗೆ ಗೊತ್ತಾಯ್ತು? ತಿಳಿದವರು ಬರೆಯಿರಿ. ಉದ್ದವಾದರೂ ಅಡ್ಡಿಯಿಲ್ಲ.

ಎಂಡ್‌ಪಾಯಿಂಟ್_ಅಕ್ಕ
ಮೇಷ್ಟ್ರೇ, ಆ ಹುಡುಗಿ ಓದಿದ್ದು ಎರಡೂ ಸರಿ. ಕಕ್ಷೆ ತಿರುಗುವುದೇ ನ್ಯೂಟನ್ನನ ಸೋಲು ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ ಅನ್ನುವಲ್ಲಿಂದ ಶುರು ಮಾಡಬೇಕು.

ಸೂರ್ಯ ಒಂದು, ಗ್ರಹ ಒಂದು, ಬೇರೇನೂ ಇಲ್ಲ ಅಂತಿಟ್ಟುಕೊಳ್ಳಿ. ದೂರದ ವರ್ಗಕ್ಕೆ ವಿಲೋಮವಾದ ಬಲ ಇದ್ದರೆ ಗ್ರಹ ಸೂರ್ಯನಿಗೆ ಹತ್ತಿರವಾಗಿ, ದೂರ ಹೋಗಿ, ಮತ್ತೆ ಹತ್ತಿರ ಬರಲು ಹಿಡಿಯುವ ಕಾಲವೂ ಒಂದು ಪೂರ್ತಿ ಸುತ್ತು ಹಾಕುವ ಕಾಲವೂ ಕರಾರುವಾಕ್ಕಾಗಿ ಒಂದೇ. ಹಾಗಾಗಿ ಹೊರಟ ಜಾಗಕ್ಕೇ ಬಂದು ಸೇರ್ತದೆ, ಕಕ್ಷೆ ಮುಚ್ಚಿಕೊಳ್ತದೆ. ಇದು ಎಲ್ಲ ಬಲಗಳಿಗೂ ಸಿಗುವ ಭಾಗ್ಯ ಅಲ್ಲ. 1873ರಲ್ಲಿ ಫ್ರೆಂಚ್ ಗಣಿತಜ್ಞ ಬರ್ಟ್ರಾಂಡ್ ತೋರಿಸಿದ ಹಾಗೆ, ಕೇಂದ್ರದ ಕಡೆಗೆ ಎಳೆಯುವ ಬಲಗಳಲ್ಲಿ ಎರಡು ಬಗೆಗೆ ಮಾತ್ರ ಎಲ್ಲ ಬಂಧಿತ ಕಕ್ಷೆಗಳೂ ಮುಚ್ಚಿಕೊಳ್ತವೆ: ಒಂದು ನ್ಯೂಟನ್ನನ ವಿಲೋಮ ವರ್ಗದ್ದು, ಇನ್ನೊಂದು ಸ್ಪ್ರಿಂಗಿನ ಹಾಗೆ ದೂರಕ್ಕೆ ಅನುಪಾತದಲ್ಲಿ ಹೆಚ್ಚುವಂಥದ್ದು. ವಿಲೋಮ ವರ್ಗಕ್ಕೆ ಒಂದು ಚೂರು ಏನೇ ಸೇರಲಿ, ಪುರರವಿ, ಅಂದರೆ ಸೂರ್ಯನಿಗೆ ಅತಿ ಹತ್ತಿರದ ಬಿಂದು, ಪ್ರತಿ ಸುತ್ತಿಗೂ ಸ್ವಲ್ಪ ಸರಿದುಬಿಡ್ತದೆ.

ನಮ್ಮ ಸೌರವ್ಯೂಹದಲ್ಲಿ ಬುಧ ಒಬ್ಬನೇ ಇಲ್ಲವಲ್ಲ. ಶುಕ್ರ, ಭೂಮಿ, ಗುರು ಎಲ್ಲರೂ ಅವನನ್ನು ಎಳೀತಾರೆ. ಆ ಎಳೆತದಿಂದ ಪುರರವಿ ಸರಿಯಲೇಬೇಕು ಅಂತ ಹೇಳುವುದು ನ್ಯೂಟನ್ ಸಿದ್ಧಾಂತವೇ. ಒಂದು ಶತಮಾನಕ್ಕೆ ಶುಕ್ರನಿಂದ ಸುಮಾರು 277 ಆರ್ಕ್‌ಸೆಕೆಂಡ್, ಗುರುವಿನಿಂದ 153, ಭೂಮಿಯಿಂದ 90, ಉಳಿದವರಿಂದ 10ರಷ್ಟು. ಒಟ್ಟು 532ರ ಹತ್ತಿರ. ನಕ್ಷತ್ರಗಳನ್ನು ಆಧಾರವಾಗಿಟ್ಟು ಅಳೆದರೆ ಸಿಗುವುದು 575. ಉಳಿದದ್ದು 43. ಇಡೀ ಕತೆ ಈ 43ರದ್ದು.

ಸೆಕೆಂಡ್_ಪಿಯು_ಉಡುಪಿ
ಅಕ್ಕ, 43 ಆರ್ಕ್‌ಸೆಕೆಂಡ್ ಅಂದ್ರೆ ಎಷ್ಟು? ನಂಗೆ ಕಣ್ಣಿಗೆ ಕಟ್ಟುದಿಲ್ಲ.

ಎಂಡ್‌ಪಾಯಿಂಟ್_ಅಕ್ಕ
ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್. ಮಲ್ಪೆ ಬೀಚಿನಲ್ಲಿ ನೀನು ನಿಂತಿದ್ದಿ, ಸುಮಾರು 5 ಕಿ.ಮೀ. ದೂರದ ದೋಣಿಯಲ್ಲಿ ಯಾರೋ ಒಂದು ಮೀಟರ್ ಉದ್ದದ ಕೋಲು ನೆಟ್ಟಗೆ ಹಿಡಿದಿದ್ದಾರೆ ಅಂತಿಟ್ಟುಕೋ. ಆ ಕೋಲಿನ ಬುಡಕ್ಕೂ ತುದಿಗೂ ನಿನ್ನ ಕಣ್ಣಿನಲ್ಲಿ ಆಗುವ ಕೋನ ಹೆಚ್ಚುಕಮ್ಮಿ ಅಷ್ಟು. ಅದೂ ನೂರು ವರ್ಷಕ್ಕೆ. ಬುಧನ ವರ್ಷ 88 ದಿನ, ಒಂದು ಶತಮಾನದಲ್ಲಿ ಅವನು 415 ಸುತ್ತು ಹಾಕ್ತಾನೆ. ಒಂದು ಸುತ್ತಿಗೆ ಬರುವುದು 0.1 ಆರ್ಕ್‌ಸೆಕೆಂಡ್. ಈ 43ರ ಲೆಕ್ಕದಲ್ಲಿ ಕಕ್ಷೆ ಪೂರ್ತಿ ಒಂದು ಸಲ ತಿರುಗಲು 30 ಲಕ್ಷ ವರ್ಷ ಬೇಕು.

ಕುಡ್ಲ_ಸಿವಿಲ್
ನಾನು ಇಂಜಿನಿಯರ್, ಸರ್ವೆ ಕೆಲಸ ಮಾಡಿ ಅಭ್ಯಾಸ. ಅದಕ್ಕೇ ಒಂದು ಸಂಶಯ. ಭೂಮಿಯಿಂದ ಅಳೆದರೆ ಬುಧನ ಪುರರವಿ ಶತಮಾನಕ್ಕೆ 5600 ಆರ್ಕ್‌ಸೆಕೆಂಡ್ ಸರೀತದೆ ಅಂತ ಓದಿದ್ದೇನೆ. ಅದರಲ್ಲಿ ಶೇಕಡಾ ಒಂದು ತಪ್ಪಿದರೂ 56 ಆಯ್ತು. ನಿಮ್ಮ 43 ಅದರೊಳಗೇ ಮುಳುಗಿ ಹೋಗ್ತದೆ. ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆ ಕಳೆದು ಉಳಿದ ಚೂರನ್ನು ನಂಬುವುದು ಹೇಗೆ? ಸರ್ವೆಯಲ್ಲಿ ಹೀಗೆ ಮಾಡಿದರೆ ಮರುದಿನ ಮತ್ತೆ ಅಳೀಲಿಕ್ಕೆ ಹೇಳ್ತಾರೆ.

ಗಣಿತ_ಭಟ್ಟ
ಇಂಜಿನಿಯರ್ರೇ, ಆ 5600ರಲ್ಲಿ 5025ರಷ್ಟು ಬುಧನದ್ದೇ ಅಲ್ಲ, ನಮ್ಮದು. ಭೂಮಿಯ ಅಕ್ಷ ಓಲಾಡುವುದರಿಂದ ವಿಷುವ ಬಿಂದು ವರ್ಷಕ್ಕೆ 50 ವಿಕಲೆಗೆ (ವಿಕಲೆ ಅಂದರೆ ಆರ್ಕ್‌ಸೆಕೆಂಡೇ) ಸ್ವಲ್ಪ ಮೇಲೆ ಹಿಂದೆ ಸರೀತದೆ. ಪಂಚಾಂಗ ಮಾಡುವವರು ದಿನಾ ಕೈಯಾಡಿಸುವ ಅಯನಾಂಶ ಅಂದರೆ ಇದೇ. ಅಳೆಯುವ ಮೂಲ ಬಿಂದುವೇ ಸರಿದರೆ ಅದರಿಂದ ಅಳೆದ ಎಲ್ಲವೂ ಸರಿದ ಹಾಗೆ ಕಾಣ್ತದೆ. ಬುಧನನ್ನು ನೋಡದೆಯೇ, ಬರೀ ನಕ್ಷತ್ರ ನೋಡಿ ಈ ಸಂಖ್ಯೆಯನ್ನು ಬಹಳ ನಿಖರವಾಗಿ ಹಿಡಿಯಬಹುದು. ಅದರಲ್ಲಿ ಶೇಕಡಾ ಒಂದು ತಪ್ಪಿದರೆ ಸಂಕ್ರಾಂತಿ, ಗ್ರಹಣ ಯಾವುದೂ ಕೂಡಿ ಬರಲಿಕ್ಕಿಲ್ಲ.

ಎಂಡ್‌ಪಾಯಿಂಟ್_ಅಕ್ಕ
ಭಟ್ರು ಹೇಳಿದ್ದಕ್ಕೆ ಇನ್ನರ್ಧ ಸೇರಿಸ್ತೇನೆ. ಕುಡ್ಲದವರ ಸಂಶಯ ಈ ವಿಷಯದ ಜೀವಾಳ. ಆ ಕಾಲದವರೂ ಇದನ್ನೇ ಕೇಳಿದ್ದರು.

ಲೆಕ್ಕ ಹಾಕಿದವರು ಪ್ಯಾರಿಸ್ಸಿನ ಲ ವೆರಿಯೆ. ಯುರೇನಸ್ ದಾರಿ ತಪ್ಪುವುದನ್ನು ನೋಡಿ, ಆಚೆ ಇನ್ನೊಂದು ಗ್ರಹ ಇರಬೇಕು ಅಂತ ಕಾಗದದ ಮೇಲೆ ಜಾಗ ಗುರುತು ಮಾಡಿ ಕೊಟ್ಟವರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ದೂರದರ್ಶಕ ತಿರುಗಿಸಿದಾಗ ನೆಪ್ಚೂನ್ ಅವರು ಹೇಳಿದ ಜಾಗದಿಂದ ಒಂದು ಡಿಗ್ರಿ ಒಳಗೇ ಸಿಕ್ಕಿತು. ನ್ಯೂಟನ್ ಸಿದ್ಧಾಂತಕ್ಕೆ ಅದಕ್ಕಿಂತ ದೊಡ್ಡ ಗೆಲುವು ಬೇರೆ ಇಲ್ಲ.

ಆದರೆ ಅದೇ ಲ ವೆರಿಯೆಗೆ ಬುಧ ಒಲಿಯಲಿಲ್ಲ. 1845ರ ಮೇ ತಿಂಗಳಲ್ಲಿ ಬುಧ ಸೂರ್ಯಬಿಂಬದ ಎದುರು ದಾಟಿದಾಗ (ಇದಕ್ಕೆ ಸಂಕ್ರಮಣ ಅಂತಾರೆ) ಅವರು ಕೊಟ್ಟ ಸಮಯಕ್ಕೂ ಕಂಡ ಸಮಯಕ್ಕೂ 16 ಸೆಕೆಂಡ್ ವ್ಯತ್ಯಾಸ ಬಂತು. ಬೇರೆಯವರಾದರೆ ಖುಷಿಪಡುತ್ತಿದ್ದರು, ಇವರು ಕೋಷ್ಟಕಗಳ ಪ್ರಕಟಣೆಯನ್ನೇ ತಡೆಹಿಡಿದರು. 1697ರಿಂದ 1848ರ ತನಕದ ಸಂಕ್ರಮಣಗಳ ದಾಖಲೆ ಹಿಡಿದು ಮತ್ತೆ ಲೆಕ್ಕ ಮಾಡಿ, 1859ರಲ್ಲಿ ಶತಮಾನಕ್ಕೆ 38 ಆರ್ಕ್‌ಸೆಕೆಂಡ್ ಲೆಕ್ಕಕ್ಕೆ ಸಿಗುವುದಿಲ್ಲ ಅಂತ ಬರೆದರು. 1882ರಲ್ಲಿ ಅಮೆರಿಕದ ಸೈಮನ್ ನ್ಯೂಕೂಂಬ್ ಅದನ್ನು 43ಕ್ಕೆ ತಿದ್ದಿದರು.

ಸಂಕ್ರಮಣ ಯಾಕೆ ಅಂತ ಮಕ್ಕಳಿಗೆ ಹೇಳಿ ಮೇಷ್ಟ್ರೇ. ಬುಧ ಸೂರ್ಯನಿಂದ 28 ಡಿಗ್ರಿಗಿಂತ ಆಚೆ ಹೋಗುವುದೇ ಇಲ್ಲ. ಮುಸ್ಸಂಜೆಯಲ್ಲಿ ದಿಗಂತದ ಮಬ್ಬಿನಲ್ಲಿ ನೋಡಿ ಜಾಗ ಅಳೆದರೆ ನಿಖರತೆ ಬರುವುದಿಲ್ಲ. ಆದರೆ ಸೂರ್ಯಬಿಂಬದ ಅಂಚಿಗೆ ಕಪ್ಪು ಚುಕ್ಕೆ ಮುಟ್ಟುವ ಕ್ಷಣವನ್ನು ಗಡಿಯಾರ ಹಿಡಿದು ಕೆಲವೇ ಸೆಕೆಂಡಿನ ಒಳಗೆ ಗುರುತಿಸಬಹುದು. ಒಂದೂವರೆ ಶತಮಾನ ಅಂತಹ ಕ್ಷಣಗಳನ್ನು ಪೋಣಿಸಿದರೆ 38 ಏನು, 5 ಆರ್ಕ್‌ಸೆಕೆಂಡ್ ತಪ್ಪಿದರೂ ಕಾಣ್ತದೆ.

ಇನ್ನು ಕಳೆಯುವ 532. ಅದು ಬೇರೆ ಗ್ರಹಗಳ ತೂಕವನ್ನು ಅವಲಂಬಿಸಿದೆ. ಶುಕ್ರ ನಾವು ತಿಳಿದದ್ದಕ್ಕಿಂತ ಭಾರ ಇದ್ದರೆ? ಲ ವೆರಿಯೆ ಅದನ್ನೂ ನೋಡಿದರು. ಕೊರತೆ ತುಂಬಲು ಶುಕ್ರನ ದ್ರವ್ಯರಾಶಿಯನ್ನು ಕನಿಷ್ಠ ಹತ್ತನೇ ಒಂದರಷ್ಟು ಏರಿಸಬೇಕು. ಆದರೆ ಅಷ್ಟು ಭಾರದ ಶುಕ್ರ ಭೂಮಿಯನ್ನೂ ಎಳೀತದೆ, ಆ ಎಳೆತ ನಮ್ಮ ಆಕಾಶದಲ್ಲಿ ಸೂರ್ಯನ ಚಲನೆಯಲ್ಲಿ ಕಾಣಬೇಕು. ಕಾಣಲಿಲ್ಲ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ತದೆ. ಆ ಚೂರನ್ನು ನಂಬಿದ್ದು ಅದಕ್ಕೆ.

ಕುಡ್ಲ_ಸಿವಿಲ್
ಸಮಾಧಾನ ಆಯ್ತು ಮಾರಾಯ್ರೇ. ಹೊಂದಾಣಿಕೆಗೆ ಜಾಗವೇ ಇರಲಿಲ್ಲ ಅನ್ನುವುದು ಎಲ್ಲಿಯೂ ಓದಿರಲಿಲ್ಲ.

ಮಂಜೇಶ್ವರದವ
ನೆಪ್ಚೂನ್ ಸಿಕ್ಕಿದ ಮೇಲೆ ಬುಧನಿಗೂ ಅದೇ ಮದ್ದು ಮಾಡಿದರು. ಸೂರ್ಯನಿಗೂ ಬುಧನಿಗೂ ನಡುವೆ ಇನ್ನೊಂದು ಗ್ರಹ, ಹೆಸರು ವಲ್ಕನ್. 1859ರ ಮಾರ್ಚ್ 26ರಂದು ಸೂರ್ಯನ ಎದುರು ಚುಕ್ಕೆ ದಾಟಿದ್ದನ್ನು ಕಂಡೆ ಅಂತ ಲೆಸ್ಕಾರ್ಬೊ ಎಂಬ ಹಳ್ಳಿ ಡಾಕ್ಟರು ಬರೆದರು. ಲ ವೆರಿಯೆ ತಾವೇ ಹೋಗಿ ಅವರನ್ನು ವಿಚಾರಿಸಿ ನಂಬಿದರು. 1878ರ ಜುಲೈ 29ರ ಪೂರ್ಣಗ್ರಹಣದಲ್ಲಿ ಅಮೆರಿಕದ ವಾಟ್ಸನ್ ಮತ್ತು ಸ್ವಿಫ್ಟ್ ತಾವೂ ಕಂಡೆವು ಅಂದರು. ಅದೇ ಗ್ರಹಣ ನೋಡಿದ ಬೇರೆಯವರಿಗೆ ಏನೂ ಸಿಗಲಿಲ್ಲ. 1901, 1905, 1908ರ ಗ್ರಹಣಗಳಲ್ಲಿ ಲಿಕ್ ವೀಕ್ಷಣಾಲಯದವರು ಫೋಟೊ ತೆಗೆದು ನೋಡಿದ ಮೇಲೆ ವಲ್ಕನ್ ಮಾತು ಮುಗಿಯಿತು.

ಸೂರ್ಯನ ಬಗಲಲ್ಲಿ ಏನಿದೆ ಅಂತ ನೋಡಲು ಆಗ ಪೂರ್ಣಗ್ರಹಣ ಬಿಟ್ಟರೆ ದಾರಿ ಇರಲಿಲ್ಲ. ಅಂಥ ಒಂದು ಗ್ರಹಣ, 1871ರ ಡಿಸೆಂಬರ್ 12ರದ್ದು, ನಮ್ಮ ಬೇಕಲ ಕೋಟೆಯ ಮೇಲೆಯೇ ಹಾದುಹೋಗಿತ್ತು. ನಾರ್ಮನ್ ಲಾಕ್ಯರ್ ತಂಡ ಸಮುದ್ರ ದಾಟಿ ಬಂದು ಕೋಟೆಯಲ್ಲಿ ಸಲಕರಣೆ ಇಟ್ಟಿತ್ತು. ಅವರು ಬಂದದ್ದು ಸೂರ್ಯನ ಸುತ್ತಲಿನ ಹೊರಪ್ರಭೆಯ, ಅಂದರೆ ಕರೋನಾದ, ಬೆಳಕನ್ನು ಅಳೆಯಲು. ಈಗ ಅಲ್ಲಿ ಸೂರ್ಯಾಸ್ತ ನೋಡಲು ಹೋಗುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತುಂಟು? ಕೋಟೆ ಬಾಗಿಲಲ್ಲಿ ಒಂದು ಫಲಕ ಹಾಕಿದರೆ ನಾನೇ ಮೊದಲು ಹೋಗಿ ಓದುತ್ತೇನೆ.

ಗಣಿತ_ಭಟ್ಟ
ಮೇಷ್ಟ್ರೇ, ನಿಮ್ಮ ಮಕ್ಕಳು ನಾಳೆ ಕೇಳಬಹುದು, ಮನೆಯಲ್ಲಿ ಹಿರಿಯರು ಹೇಳಿಯೂ ಹೇಳ್ತಾರೆ: ನಮ್ಮ ಸಿದ್ಧಾಂತ ಗ್ರಂಥಗಳಲ್ಲಿ ಮಂದೋಚ್ಚದ, ಅಂದರೆ ಕಕ್ಷೆಯ ಅತಿ ದೂರದ ಬಿಂದುವಿನ, ಗತಿ ಉಂಟಲ್ಲ, ಬುಧನ ಕಕ್ಷೆ ತಿರುಗುವುದು ನಮ್ಮವರಿಗೆ ಮೊದಲೇ ಗೊತ್ತಿತ್ತಲ್ಲ ಅಂತ. ನನಗೆ ಈ ಶಾಸ್ತ್ರದ ಮೇಲೆ ಪ್ರೀತಿ ಇದೆ, ಹಾಗಾಗಿ ಲೆಕ್ಕ ಮಾಡಿಯೇ ಹೇಳ್ತೇನೆ.

ಸೂರ್ಯಸಿದ್ಧಾಂತದಲ್ಲಿ ಬುಧನ ಮಂದೋಚ್ಚಕ್ಕೆ ಒಂದು ಕಲ್ಪದಲ್ಲಿ 368 ಭಗಣ, ಅಂದರೆ ಪೂರ್ತಿ ಸುತ್ತು. ಕಲ್ಪ ಅಂದರೆ 432 ಕೋಟಿ ವರ್ಷ. ಒಂದು ಭಗಣಕ್ಕೆ 12,96,000 ವಿಕಲೆ. ಗುಣಿಸಿ ಭಾಗಿಸಿದರೆ ಶತಮಾನಕ್ಕೆ 11 ವಿಕಲೆ. ಇದು 43ಕ್ಕೂ ಸೇರುವುದಿಲ್ಲ, 575ಕ್ಕೂ ಸೇರುವುದಿಲ್ಲ. ಇಷ್ಟು ನಿಧಾನದ ಗತಿಯನ್ನು ಬರಿಗಣ್ಣಿನ ವೀಕ್ಷಣೆಯಿಂದ ಹಿಡಿಯಲು ಆಗುವುದೂ ಇಲ್ಲ. ಉಚ್ಚ ಸ್ಥಿರವಲ್ಲ, ಚಲಿಸುತ್ತದೆ ಎಂಬ ಕಲ್ಪನೆ ಇತ್ತು, ಅದು ದೊಡ್ಡದೇ. ಸಂಖ್ಯೆಯನ್ನು ಎಳೆದು ತಂದು ಐನ್‌ಸ್ಟೈನ್ ಪಕ್ಕ ಕೂರಿಸುವುದು ಆ ಗ್ರಂಥಕ್ಕೆ ಮಾಡುವ ಗೌರವ ಅಲ್ಲ.

ಹೆಮ್ಮೆಪಡಲು ಬೇರೆ ಬೇಕಾದಷ್ಟಿದೆ. 1500ರ ಸುಮಾರಿಗೆ ಕೇರಳದ ನೀಲಕಂಠ ಸೋಮಯಾಜಿ ತಂತ್ರಸಂಗ್ರಹದಲ್ಲಿ ಬುಧ ಶುಕ್ರರ ಲೆಕ್ಕವನ್ನೇ ತಿದ್ದಿದರು. ಹಿಂದಿನವರು ಮಂದ ಸಂಸ್ಕಾರವನ್ನು (ವೇಗ ಒಂದೇ ಸಮ ಇಲ್ಲದ್ದಕ್ಕೆ ಮಾಡುವ ತಿದ್ದುಪಡಿ) ಮಧ್ಯಮ ಸೂರ್ಯನಿಗೆ, ಅಂದರೆ ಸರಾಸರಿ ವೇಗದಲ್ಲಿ ಹೋಗುವ ಕಲ್ಪಿತ ಸೂರ್ಯನಿಗೆ, ಮಾಡುತ್ತಿದ್ದರು. ಇವರು ಅದನ್ನು ಗ್ರಹಕ್ಕೇ ಮಾಡಿದರು. ಗ್ರಹಗಳು ಸೂರ್ಯನ ಸುತ್ತ, ಸೂರ್ಯ ಭೂಮಿಯ ಸುತ್ತ ಎಂಬ ಚಿತ್ರ ಅಲ್ಲಿಂದ ಬಂತು. ಎಲ್ಲ ಕಾಲದಲ್ಲೂ ಗಣಿತಜ್ಞರನ್ನು ಕಾಡಿದ ಗ್ರಹ ಬುಧ.

ಕಾಪು_ಮೇಷ್ಟ್ರು
ಭಟ್ರೇ, ಇದು ನನಗೆ ತುಂಬಾ ಬೇಕಾಗಿತ್ತು. ಈ ಲೆಕ್ಕವನ್ನೇ ತರಗತಿಯಲ್ಲಿ ಮಾಡಿಸ್ತೇನೆ.

ಈಗ ಮುಂದಿನದು. ವಲ್ಕನ್ ಇಲ್ಲ ಅಂದ ಮೇಲೆ ನಿಯಮವನ್ನೇ ತಿದ್ದಲು ಯಾರೂ ನೋಡಲಿಲ್ಲವೇ?

ಎಂಡ್‌ಪಾಯಿಂಟ್_ಅಕ್ಕ
ನೋಡಿದರು. 1894ರಲ್ಲಿ ಆಸಫ್ ಹಾಲ್ ಒಂದು ಸಲಹೆ ಕೊಟ್ಟರು: ದೂರದ ಘಾತ 2 ಅಲ್ಲ, 2.00000016 ಇರಲಿ. ಬುಧನ ಲೆಕ್ಕ ಕೂಡಿ ಬಂತು. ಆದರೆ ಅದೇ ಘಾತ ಚಂದ್ರನಿಗೂ ಹಾಕಬೇಕಲ್ಲ. ಚಂದ್ರನ ಚಲನೆಯನ್ನು ಬ್ರೌನ್ ಅವರು ನಿಖರವಾಗಿ ಲೆಕ್ಕ ಹಾಕಿದ ಮೇಲೆ ಅಲ್ಲಿ ಕೂಡಿ ಬರಲಿಲ್ಲ, ಕೈಬಿಟ್ಟರು. 1906ರಲ್ಲಿ ಸೀಲಿಗರ್ ಈ 43ರ ಹೊಣೆಯನ್ನು ಸೂರ್ಯನ ಸುತ್ತಲಿನ ಧೂಳಿನ ಮೇಲೆ ಹಾಕಿದರು. ಅದೂ ನಿಲ್ಲಲಿಲ್ಲ.

ಐನ್‌ಸ್ಟೈನ್ ಮಾಡಿದ್ದರಲ್ಲಿ ನನಗೆ ಇವತ್ತಿಗೂ ಮೈ ಜುಮ್ಮೆನ್ನುವ ಸಂಗತಿ ಏನೆಂದರೆ, ಬುಧನಿಗೆ ಹೊಂದಿಸಲು ಅವರ ಸಮೀಕರಣದಲ್ಲಿ ತಿರುಗಿಸುವ ಒಂದು ತಿರುಪೂ ಇರಲಿಲ್ಲ. 1915ರ ನವೆಂಬರ್ 18ರಂದು ಬರ್ಲಿನ್ ಅಕಾಡೆಮಿಯಲ್ಲಿ ಬುಧನ ಪ್ರಬಂಧ ಮಂಡಿಸಿದರು. ಸಿದ್ಧಾಂತದ ಕೊನೆಯ ರೂಪ ಬಂದದ್ದು ಅದಾದ ವಾರಕ್ಕೆ, 25ರಂದು. ಲೆಕ್ಕ ಚಿಕ್ಕದು, ಕ್ಯಾಲ್ಕುಲೇಟರ್ ಇದ್ದರೆ ಪಿಯು ಮಕ್ಕಳೇ ಮಾಡಬಹುದು. ಹಂತ ಹಂತವಾಗಿ ಕೊಡ್ತೇನೆ.

ಸೂರ್ಯನ ದ್ರವ್ಯರಾಶಿಯನ್ನು ಗುರುತ್ವ ಸ್ಥಿರಾಂಕದಿಂದ ಗುಣಿಸಿ ಬೆಳಕಿನ ವೇಗದ ವರ್ಗದಿಂದ ಭಾಗಿಸಿ. ಬರುವುದು ಒಂದು ಉದ್ದ, 1.4766 ಕಿ.ಮೀ. ಅದನ್ನು 6 ಪೈಯಿಂದ ಗುಣಿಸಿದರೆ 27.83 ಕಿ.ಮೀ. ಇನ್ನು ಬುಧನ ಕಡೆ ಬನ್ನಿ. ಕಕ್ಷೆಯ ಅರ್ಧ ದೀರ್ಘಾಕ್ಷ 5.791 ಕೋಟಿ ಕಿ.ಮೀ., ಉತ್ಕೇಂದ್ರತೆ (ಕಕ್ಷೆ ವೃತ್ತಕ್ಕಿಂತ ಎಷ್ಟು ಉದ್ದುದ್ದ ಅನ್ನುವ ಅಳತೆ) 0.2056. ಉತ್ಕೇಂದ್ರತೆಯ ವರ್ಗವನ್ನು 1ರಿಂದ ಕಳೆದರೆ 0.9577. ಇದರಿಂದ ಅರ್ಧ ದೀರ್ಘಾಕ್ಷವನ್ನು ಗುಣಿಸಿದರೆ 5.546 ಕೋಟಿ ಕಿ.ಮೀ. ಮೊದಲಿನ 27.83ನ್ನು ಇದರಿಂದ ಭಾಗಿಸಿ. ಒಂದು ಸುತ್ತಿಗೆ ಪುರರವಿ ಎಷ್ಟು ರೇಡಿಯನ್ ಸರೀತದೆ ಅನ್ನುವುದು ಸಿಕ್ಕಿತು. ರೇಡಿಯನ್ನಿಗೆ 206265 ಆರ್ಕ್‌ಸೆಕೆಂಡ್, ಗುಣಿಸಿದರೆ 0.1035. ಶತಮಾನದ 415 ಸುತ್ತಿಗೆ 43.

ಒಂದು ಬದಿಯಲ್ಲಿ ಸೂರ್ಯನ ದ್ರವ್ಯರಾಶಿ, ಬೆಳಕಿನ ವೇಗ, ಬುಧನ ಕಕ್ಷೆಯ ಅಳತೆ. ಇನ್ನೊಂದು ಬದಿಯಲ್ಲಿ ಒಂದೂವರೆ ಶತಮಾನ ಜನ ಗಡಿಯಾರ ಹಿಡಿದು ಕಾದು ಬರೆದಿಟ್ಟದ್ದು. ಎರಡೂ ಒಂದೇ ಸಂಖ್ಯೆ.

ಸೆಕೆಂಡ್_ಪಿಯು_ಉಡುಪಿ
ಮಾಡಿದೆ ಅಕ್ಕ, 42.9 ಬಂತು!! ಆದ್ರೆ ಯಾಕೆ ಸರೀತದೆ ಅಂತ ಅರ್ಥ ಆಗ್ಲಿಲ್ಲ. ಸೂತ್ರ ಮಾತ್ರ ಆಯ್ತು.

ಎಂಡ್‌ಪಾಯಿಂಟ್_ಅಕ್ಕ
ಕೇಳಬೇಕಾದ್ದೇ ಕೇಳಿದ್ದಿ. ಮೇಲೆ ಹೇಳಿದ ಎರಡು ಕಾಲ ನೆನಪು ಮಾಡಿಕೋ: ಹತ್ತಿರ ಬಂದು ದೂರ ಹೋಗಿ ಮತ್ತೆ ಹತ್ತಿರ ಬರುವ ಕಾಲ, ಸುತ್ತು ಮುಗಿಸುವ ಕಾಲ. ಐನ್‌ಸ್ಟೈನ್ ಸಿದ್ಧಾಂತದಲ್ಲಿ ಸೂರ್ಯನ ಹತ್ತಿರ ಎಳೆತ ವಿಲೋಮ ವರ್ಗಕ್ಕಿಂತ ಒಂದು ಚೂರು ಹೆಚ್ಚು, ಆ ಹೆಚ್ಚಿನ ಪಾಲು ದೂರ ಹೋದಂತೆ ಬಹಳ ಬೇಗ ಕರಗ್ತದೆ. ಬುಧ ಹತ್ತಿರದಲ್ಲಿ 4.6 ಕೋಟಿ ಕಿ.ಮೀ.ಗೆ ಬರ್ತಾನೆ, ದೂರದಲ್ಲಿ 7 ಕೋಟಿಯ ತನಕ ಹೋಗ್ತಾನೆ. ಹತ್ತಿರ ಬಂದಾಗ ಅವನ ವೇಗ ಸೆಕೆಂಡಿಗೆ 59 ಕಿ.ಮೀ. ಅಲ್ಲಿ ಆ ಹೆಚ್ಚಿನ ಎಳೆತ ಅವನ ದಾರಿಯನ್ನು ನ್ಯೂಟನ್ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಬಾಗಿಸ್ತದೆ. ಹಾಗಾಗಿ ಅವನು ಮತ್ತೆ ಅತಿ ಹತ್ತಿರದ ಬಿಂದುವಿಗೆ ಬರುವಾಗ 360 ಡಿಗ್ರಿ ದಾಟಿ ಒಂದಿಷ್ಟು ಮುಂದೆ ಹೋಗಿರ್ತಾನೆ. ಎರಡು ಕಾಲಗಳ ಹೊಂದಿಕೆ ತಪ್ಪಿತು, ಕಕ್ಷೆ ಮುಚ್ಚಿಕೊಳ್ಳಲಿಲ್ಲ.

ಸಂಜೆ_ಮಲ್ಪೆ
ನಾನು ಬೋಟುಗಳಿಗೆ ಜಿಪಿಎಸ್, ಫಿಶ್ ಫೈಂಡರ್ ಕೂರಿಸುವವ. ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡ್ತದೆ, ಅದನ್ನು ಐನ್‌ಸ್ಟೈನ್ ಲೆಕ್ಕದಲ್ಲಿ ತಿದ್ದಿ ಕಳಿಸ್ತಾರೆ ಅಂತ ತರಬೇತಿಯಲ್ಲಿ ಹೇಳಿದ್ರು. ಇದೂ ಅದೇ ಅಲ್ವಾ? ಹಾಗಾದ್ರೆ ನ್ಯೂಟನ್ ಲೆಕ್ಕ ಈಗ ಯಾರಿಗೂ ಬೇಡವಾ?

ಎಂಡ್‌ಪಾಯಿಂಟ್_ಅಕ್ಕ
ಹೌದು ಅಣ್ಣ, ಮೂಲ ಒಂದೇ. ಗುರುತ್ವ ಕಡಿಮೆ ಇರುವ ಎತ್ತರದಲ್ಲಿ ಗಡಿಯಾರ 45 ಮೈಕ್ರೊಸೆಕೆಂಡ್ ಮುಂದೆ, ವೇಗದಿಂದ 7 ಹಿಂದೆ, ಉಳಿಯುವುದು 38. ಆದರೆ ಆ ಉಪಗ್ರಹದ ದಾರಿಯನ್ನು ಲೆಕ್ಕ ಹಾಕುವಾಗ ಮುಕ್ಕಾಲು ಮೂರುವೀಸ ಕೆಲಸ ನ್ಯೂಟನ್ನನದ್ದೇ. ಇಸ್ರೋ ಚಂದ್ರನಿಗೆ ನೌಕೆ ಕಳಿಸುವಾಗಲೂ ಹಾಗೆಯೇ. ಗ್ರಹಗಳ ಸ್ಥಾನದ ನಿಖರ ಕೋಷ್ಟಕ ಮಾಡುವವರು ಮಾತ್ರ ಸಮೀಕರಣಕ್ಕೆ ಐನ್‌ಸ್ಟೈನ್ ಪದಗಳನ್ನು, ಅಂದರೆ ಅವರ ಸಿದ್ಧಾಂತದಿಂದ ಬರುವ ಹೆಚ್ಚುವರಿ ಭಾಗಗಳನ್ನು, ಸೇರಿಸದೆ ಬಿಡುವುದಿಲ್ಲ.

ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಸೌರವ್ಯೂಹದ ಹೊರಗೆ ಹೋಗಬೇಕು. 1974ರಲ್ಲಿ ಹಲ್ಸ್ ಮತ್ತು ಟೇಲರ್ ಕಂಡುಹಿಡಿದ ಜೋಡಿ ನಕ್ಷತ್ರದಲ್ಲಿ, ಎರಡೂ ನ್ಯೂಟ್ರಾನ್ ನಕ್ಷತ್ರಗಳು, ಒಂದು ಸುತ್ತಿಗೆ 7.75 ಗಂಟೆ. ಅಲ್ಲಿ ಹತ್ತಿರದ ಬಿಂದು ವರ್ಷಕ್ಕೆ 4.2 ಡಿಗ್ರಿ ಸರೀತದೆ. ಬುಧನಿಗೆ ಅಷ್ಟು ಸರಿಯಲು ಈ 43ರ ಲೆಕ್ಕದಲ್ಲಿ 35 ಸಾವಿರ ವರ್ಷ ಬೇಕು.

ಕುಡ್ಲ_ಸಿವಿಲ್
ಮತ್ತೊಂದು ಕೊಕ್ಕೆ. ಸೂರ್ಯ ಪೂರ್ತಿ ಗುಂಡಗಿಲ್ಲ, ತಿರುಗುವ ವಸ್ತು ನಡುವಿನಲ್ಲಿ ಉಬ್ಬಿರ್ತದೆ. ಉಬ್ಬಿದ್ದರೆ ನ್ಯೂಟನ್ ಲೆಕ್ಕದಲ್ಲಿಯೇ ಪುರರವಿ ಸರೀಬೇಕು. ಅದನ್ನು ಕಳೆದಿದ್ದೀರಾ?

ಎಂಡ್‌ಪಾಯಿಂಟ್_ಅಕ್ಕ
ನಿಮ್ಮದು ನಿಜವಾಗಿಯೂ ಸರ್ವೆ ಕಣ್ಣು. 1967ರಲ್ಲಿ ಡಿಕೆ ಮತ್ತು ಗೋಲ್ಡನ್‌ಬರ್ಗ್ ಸೂರ್ಯನ ಉಬ್ಬನ್ನು ಅಳೆದು, 3ರಿಂದ 4 ಆರ್ಕ್‌ಸೆಕೆಂಡ್ ಅದರಿಂದಲೇ ಬರ್ತದೆ ಅಂದರು. ಹಾಗಾಗಿದ್ದರೆ ಐನ್‌ಸ್ಟೈನ್ ಲೆಕ್ಕ ಹೆಚ್ಚಾಗಿಬಿಡುತ್ತಿತ್ತು. ವರ್ಷಗಟ್ಟಲೆ ಚರ್ಚೆ ನಡೆಯಿತು. ಆಮೇಲೆ ಸೂರ್ಯನ ಕಂಪನಗಳಿಂದ ಒಳಗಿನ ರಚನೆ ತಿಳಿದಾಗ, ಉಬ್ಬಿನಿಂದ ಬರುವುದು 0.03 ಆರ್ಕ್‌ಸೆಕೆಂಡಿನಷ್ಟು ಮಾತ್ರ ಅಂತಾಯ್ತು. 2011ರಿಂದ 2015ರ ತನಕ ಮೆಸೆಂಜರ್ ನೌಕೆ ಬುಧನನ್ನೇ ಸುತ್ತುತ್ತಾ ಕಳಿಸಿದ ರೇಡಿಯೊ ಸಂಕೇತಗಳಿಂದ ಇದೆಲ್ಲ ಇನ್ನೂ ಬಿಗಿಯಾಗಿದೆ.

ನನಗೆ ಅತ್ಯಂತ ಇಷ್ಟವಾದ ಫಲಿತಾಂಶ ಇನ್ನೊಂದು ಉಂಟು. ಬುಧನ ಪುರರವಿಯ ದೀರ್ಘಕಾಲದ ಸರಾಸರಿ ವೇಗ ವರ್ಷಕ್ಕೆ ಸುಮಾರು 5.6 ಆರ್ಕ್‌ಸೆಕೆಂಡ್, ಗುರುವಿನದ್ದು 4.26. ಇವೆರಡೂ ಸಮ ಆಗಿಬಿಟ್ಟರೆ ಗುರುವಿನ ಎಳೆತ ಯಾವಾಗಲೂ ಒಂದೇ ದಿಕ್ಕಿಗೆ ಬಿದ್ದು ಬುಧನ ಕಕ್ಷೆ ಉದ್ದುದ್ದ ಆಗುತ್ತಾ ಹೋಗ್ತದೆ, ಶುಕ್ರನನ್ನೋ ಸೂರ್ಯನನ್ನೋ ಅಪ್ಪಳಿಸಲೂಬಹುದು. 2009ರಲ್ಲಿ ಲಾಸ್ಕರ್ ಮತ್ತು ಗಸ್ತಿನೋ ಮುಂದಿನ 500 ಕೋಟಿ ವರ್ಷಗಳನ್ನು ಕಂಪ್ಯೂಟರಿನಲ್ಲಿ 2501 ಸಲ ಓಡಿಸಿದರು. ಶೇಕಡಾ 1ರಷ್ಟರಲ್ಲಿ ಮಾತ್ರ ಬುಧ ದಾರಿ ತಪ್ಪಿದ. ಐನ್‌ಸ್ಟೈನ್ ಪದ ತೆಗೆದು ಬರೀ ನ್ಯೂಟನ್ನಿನಲ್ಲಿ ಓಡಿಸಿದಾಗ ಅರ್ಧಕ್ಕಿಂತ ಹೆಚ್ಚು ಸಲ ತಪ್ಪಿದ. ಪುರರವಿಯನ್ನು ವರ್ಷಕ್ಕೆ 0.43 ಮುಂದೆ ತಳ್ಳಿ ಗುರುವಿನ ಹೆಜ್ಜೆಗೆ ಸಿಗದ ಹಾಗೆ ಕಾಯುತ್ತಿರುವುದು ಅದೇ 43.

ಕಾಪು_ಮೇಷ್ಟ್ರು
ಇಷ್ಟು ಸಿಗ್ತದೆ ಅಂತ ಎಣಿಸಿರಲಿಲ್ಲ. ಎಲ್ಲರಿಗೂ ವಂದನೆ. ಮಕ್ಕಳಿಗೆ ಬುಧ ಸಂಕ್ರಮಣ ತೋರಿಸುವ ಆಸೆ. 2016ರ ಮೇ 9ರದ್ದು ಸಂಜೆ ಸೂರ್ಯ ಮುಳುಗುವ ತನಕ ನಮ್ಮಲ್ಲಿ ಕಂಡಿತ್ತು, 2019ರದ್ದು ಶುರುವಾಗುವಾಗಲೇ ಇಲ್ಲಿ ಸೂರ್ಯಾಸ್ತ.

ಮಂಜೇಶ್ವರದವ
ಮುಂದಿನದು 2032ರ ನವೆಂಬರ್ 13, ಮೇಷ್ಟ್ರೇ. ಮಧ್ಯಾಹ್ನ 12 ದಾಟಿದ ಮೇಲೆ ಶುರುವಾಗಿ ಸಂಜೆ ನಾಲ್ಕೂವರೆ ದಾಟಿ ಮುಗೀತದೆ, ಪೂರ್ತಿ ನಮ್ಮ ಹಗಲಿನಲ್ಲಿ. ಬರಿಗಣ್ಣಿಗೆ ಆ ಚುಕ್ಕೆ ಕಾಣುವುದಿಲ್ಲ. ದೂರದರ್ಶಕದ ಮುಂಬದಿಗೆ ಸೌರ ಫಿಲ್ಟರ್ ಹಾಕಿ ಅಥವಾ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ನೋಡಬೇಕು. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಮಂಗಳೂರಿನಲ್ಲಿ ಜನ ಸೇರಿದ ಹಾಗೆ ಇದಕ್ಕೂ ಸೇರಬೇಕು. ಪಿಲಿಕುಳದ ತಾರಾಲಯದವರಿಗೆ ಈಗಲೇ ಹೇಳಿಡುವ.

ಸೆಕೆಂಡ್_ಪಿಯು_ಉಡುಪಿ
ಅಕ್ಕ, ಅದೇ ಸೂತ್ರ ಶುಕ್ರನಿಗೆ ಹಾಕಿದೆ, 8.6 ಬಂತು. ಭೂಮಿಗೆ 3.8. ಸರಿಯಾ? ಶುಕ್ರನದ್ದು ಯಾಕೆ ಮೊದಲೇ ಗೊತ್ತಾಗ್ಲಿಲ್ಲ?

ಎಂಡ್‌ಪಾಯಿಂಟ್_ಅಕ್ಕ
ಎರಡೂ ಸರಿ. ಶುಕ್ರನ ಉತ್ಕೇಂದ್ರತೆ 0.007, ಕಕ್ಷೆ ಹೆಚ್ಚುಕಮ್ಮಿ ವೃತ್ತ. ಅದರಲ್ಲಿ ಅತಿ ಹತ್ತಿರದ ಬಿಂದು ಯಾವುದು ಅಂತ ಗುರುತಿಸುವುದೇ ಕಷ್ಟ, ಇನ್ನು ಅದು ಸರಿದದ್ದನ್ನು ಅಳೆಯುವುದು ಹೇಗೆ? ಬುಧನಲ್ಲಿ ಎರಡೂ ಒದಗಿ ಬಂತು: ಸೂರ್ಯನಿಗೆ ಹತ್ತಿರ, ಕಕ್ಷೆ ಉದ್ದುದ್ದ. ಈಗ ಇಕಾರಸ್ ಎಂಬ ಕ್ಷುದ್ರಗ್ರಹಕ್ಕೆ ಹಾಕಿ ನೋಡು. ಅರ್ಧ ದೀರ್ಘಾಕ್ಷ 16.13 ಕೋಟಿ ಕಿ.ಮೀ., ಉತ್ಕೇಂದ್ರತೆ 0.827, ಒಂದು ಸುತ್ತಿಗೆ 409 ದಿನ. ಉತ್ತರ 10ರ ಹತ್ತಿರ ಬರಬೇಕು.